ತೆಳು ಕಾರ್ನಿಯಾದ ರಾಜನ ಅಹವಾಲು

ಕಣ್ಣಾಸ್ಪತ್ರೆಯ ಎರಡನೇ ಮಹಡಿಯ ತಂಪು ಕೋಣೆಯಲ್ಲಿ ಬಿಳಿ ಹೊದಿಕೆ ಹೊದ್ದು ವಿರಾಜಮಾನರಾಗಿರುವ, ಕನ್ನಡಕಗಳ ಕಡುವೈರಿಗಳಾದ ಶ್ರೀಮಾನ್ ಲೇಸರ್ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ, ಸದಾ ಎ.ಸಿ. ಗಾಳಿಯಲ್ಲಿರುವ ತಾವೇ ಕ್ಷೇಮವಿಲ್ಲದಿದ್ದರೆ ಇನ್ಯಾರು? ನಾನು ಹಗಲು ಹೊತ್ತು ಸೈಕಲ್ ರಿಪೇರಿ ಅಂಗಡಿಯವನು, ಸಂಜೆ ನಮ್ಮ ಬಡಾವಣೆಯ ನಾಟಕ ತಂಡದ ಖಾಯಂ ರಾಜ. ನನ್ನದು ಮೈನಸ್ ಏಳರ ಸಮೀಪದೃಷ್ಟಿ. ಕನ್ನಡಕ ತೆಗೆದರೆ ಮೂಗಿನ ತುದಿ ದಾಟಿದ್ದೆಲ್ಲ ಮಂಜು. ಆದರೆ ಕಿರೀಟದ ಕೆಳಗೆ ಕನ್ನಡಕ ಕೂಡದೆಂಬುದು ನಿರ್ದೇಶಕರ ಆಜ್ಞೆಯಾದ್ದರಿಂದ, ರಂಗದ ಮೇಲೆ ಸಿಂಹಾಸನವನ್ನು ಅಭ್ಯಾಸಬಲದಿಂದಲೇ ಹುಡುಕಿಕೊಳ್ಳುತ್ತಿದ್ದೆ. ಹಿಂದಿನ ಪ್ರದರ್ಶನದಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಕೊಂಚ ಪಕ್ಕಕ್ಕೆ ಸರಿಸಿದ್ದರಿಂದ ನಾನು ಮಂತ್ರಿಯ ಮಡಿಲಲ್ಲಿ ಕುಳಿತು ರಾಜ್ಯಾಡಳಿತದ ಇಡೀ ಭಾಷಣ ಮಾಡಿದೆ. ಜನ ಇದೇನೋ ರಾಜಕೀಯ ವಿಡಂಬನೆಯೆಂದು ಚಪ್ಪಾಳೆ ತಟ್ಟಿದರು. ಮಂತ್ರಿಗೆ ಮಾತ್ರ ಇವತ್ತಿಗೂ ತೊಡೆನೋವು. ನಿರ್ದೇಶಕರು ಕರೆದು, "ಕಣ್ಣು ಸರಿ ಮಾಡಿಸ್ಕೊಂಡು ಬಾರಯ್ಯ, ಇಲ್ಲಾಂದ್ರೆ ಮುಂದಿನ ಸಲ ನಿನ್ನ ಭಾವಮೈದನೇ ರಾಜ" ಎಂದುಬಿಟ್ಟರು. ಭಾವಮೈದನ ಕೈಗೆ ನನ್ನ ಖಡ್ಗ ಹೋಗುವುದನ್ನು ನೋಡುವುದಕ್ಕಿಂತ ಏನನ್ನೂ ನೋಡದಿರುವುದೇ ಮೇಲು.

ಆ ಭಯದಿಂದಲೇ ತಮ್ಮ ಬಾಗಿಲಿಗೆ ಬಂದೆ. ಮದುವೆಗೆ ಮುಂಚೆ ಮಾವನವರೂ ನನ್ನನ್ನು ಅಷ್ಟು ಕೂಲಂಕಷವಾಗಿ ಪರೀಕ್ಷಿಸಿರಲಿಲ್ಲ. ಗದ್ದವನ್ನು ಪಟ್ಟಿಯ ಮೇಲೆ ಇಡಿಸಿ, ಹನಿ ಹಾಕಿ, ದೀಪ ಬಿಟ್ಟು ನೋಡಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ನನ್ನ ಕಾರ್ನಿಯಾ ತೀರ ತೆಳುವಾಗಿದೆ, ಅದನ್ನು ಕೆತ್ತಿ ತಿದ್ದಲು ತಾವು ಒಪ್ಪುವುದಿಲ್ಲ ಎಂದು ತಿಳಿಸಲಾಯಿತು. ಬೀದಿಯವರಿಂದೆಲ್ಲ ಎಮ್ಮೆ ಚರ್ಮದವನೆಂದು ಬೈಸಿಕೊಂಡ ನನಗೆ ಈ ಅವಮಾನ ಹೊಸದು.

ತಾವು ಕೈಬಿಟ್ಟ ಮೇಲೆ ವೈದ್ಯರು ಕರುಣೆಯಿಂದ ಬೇರೆ ದಾರಿ ತೋರಿಸಿದರು. ಕಣ್ಣೊಳಗೆ, ಹುಟ್ಟಿನಿಂದ ಬಂದ ಮಸೂರದ ಮುಂದೆ, ಇನ್ನೊಂದು ಪುಟ್ಟ ಮಸೂರ ಕೂರಿಸುವ ಶಸ್ತ್ರಚಿಕಿತ್ಸೆ ಇದೆಯಂತೆ. ತುಂಬಿದ ಮನೆಯಲ್ಲಿ ಬೆಳೆದ ನನಗೆ, ಇರುವವರ ಮುಂದೆ ಇನ್ನೊಬ್ಬರನ್ನು ತಂದು ಕೂರಿಸಿದರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತಿದ್ದರಿಂದ ಯೋಚಿಸಿ ಹೇಳುತ್ತೇನೆಂದೆ. ಗಟ್ಟಿ ಲೆನ್ಸ್ ಹಾಕಿಕೊಂಡು ಮಲಗಿದರೆ ಅದು ಕಾರ್ನಿಯಾವನ್ನು ಒತ್ತಿ ಹಗಲಿಗೆ ಸರಿಮಾಡುವ ಉಪಾಯವೂ ಇದೆ, ಆದರೆ ನನ್ನ ಏಳರ ಮುಂದೆ ಅದರ ಆಟ ನಡೆಯುವುದಿಲ್ಲವಂತೆ. ಚಿಕ್ಕಪ್ಪನವರು, "ದಿನಾ ಹೆಬ್ಬೆರಳು ನೋಡ್ತಾ ಕಣ್ಣು ತಿರುಗಿಸು, ಎಲ್ಲ ಹೋಗತ್ತೆ" ಎಂದರು. ಅಂಗಡಿಯಲ್ಲಿ ಕುಳಿತು ತಿರುಗಿಸಿದೆ, ಗಿರಾಕಿಗಳು ಹೋದರು. ಕೊನೆಗೆ ಉಳಿದದ್ದು ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್. ಕೈ ತೊಳೆದು, ರೆಪ್ಪೆ ಹಿಗ್ಗಿಸಿ, ಹಾಕಿಕೊಂಡು ರಂಗಕ್ಕೆ ಹೋದೆ.

ಸ್ವಾಮೀ, ಅಲ್ಲೇ ಎಡವಟ್ಟಾದದ್ದು. ಪರದೆ ಸರಿದಾಗ ಮೊದಲ ಬಾರಿಗೆ ನನಗೆ ಪ್ರೇಕ್ಷಕರು ಕಂಡರು. ಇಷ್ಟು ವರ್ಷ ನಾನು ಗರ್ಜಿಸುತ್ತಿದ್ದದ್ದು ಒಂದು ಸಾಧು ಸ್ವಭಾವದ ಮಬ್ಬಿಗೆ. ಅದರೊಳಗೆ ಕಣ್ಣುಗಳೂ ಆಕಳಿಕೆಗಳೂ ಇವೆಯೆಂದು ಯಾರೂ ಹೇಳಿರಲಿಲ್ಲ. ಮೊದಲ ಸಾಲಿನಲ್ಲಿ ಒಬ್ಬರು ಮೊಬೈಲ್ ಉಜ್ಜುತ್ತಿದ್ದರು, ಅವರ ಪಕ್ಕದಲ್ಲಿ ಮಾವನವರು ಬಾಯಿ ತೆರೆದು ನಿದ್ರಿಸುತ್ತಿದ್ದರು. ಸಿಂಹಾಸನ ಸರಿಯಾಗಿ ಸಿಕ್ಕಿತು, ಮಾತು ಸಿಗಲಿಲ್ಲ. ಪಕ್ಕದ ಪರದೆಯ ಹಿಂದೆ ಭಾವಮೈದ ಆಗಲೇ ಎದೆಯುಬ್ಬಿಸಿ ನಿಂತಿದ್ದ. ಆದ್ದರಿಂದ ಸಿಂಹಾಸನ ಕಾಣುವಂತೆ, ಮಾವನವರು ಕಾಣದಂತೆ ಕಣ್ಣು ತಿದ್ದುವ ವಿದ್ಯೆಯನ್ನು ತಾವು ದಯಮಾಡಿ ಕಲಿಯಬೇಕು. ಅದಾಗದಿದ್ದರೆ ನಾಟಕ ಮುಗಿಯುವವರೆಗೆ ಪ್ರೇಕ್ಷಕರೆಲ್ಲರ ಕಣ್ಣನ್ನಾದರೂ ಮೈನಸ್ ಏಳಕ್ಕೆ ಇಳಿಸಿಕೊಡಬೇಕೆಂದು ಪ್ರಾರ್ಥನೆ.

ಇನ್ನೊಂದು ವಿಷಯ ತಿಳಿಸದಿದ್ದರೆ ಅನ್ಯಾಯವಾಗುತ್ತದೆ. ಹಾಗೆ ಬೆಪ್ಪಾಗಿ ನಿಂತಿದ್ದಾಗ ಮೂರನೇ ಸಾಲಿನಲ್ಲಿ ಹೆಂಡತಿ ಕಂಡಳು. "ನಿಮ್ಮ ನಾಟಕಕ್ಕೆ ಬರೋದೇ ಒಂದು ನಿದ್ದೆ ತೆಗೆಯೋಕೆ" ಎಂದು ಪ್ರತಿ ಸಲವೂ ಹೇಳುವವಳು, ಕೈಚೀಲವನ್ನು ಹಿಂಡುತ್ತಾ ಮುಂದಕ್ಕೆ ಬಾಗಿ, ನನ್ನ ಮಾತುಗಳನ್ನು ಸದ್ದಿಲ್ಲದೆ ತುಟಿಯಲ್ಲೇ ಆಡುತ್ತಿದ್ದಳು. ಒಂದಕ್ಷರವೂ ತಪ್ಪದಂತೆ. ಅವಳ ತುಟಿ ನೋಡಿಕೊಂಡೇ ನಾನು ರಾಜ್ಯಭಾರ ಮುಗಿಸಿದೆ. ಇಷ್ಟು ವರ್ಷವೂ ಅವಳು ಹೀಗೇ ಕೂತಿದ್ದಳೆಂದು ಹೊಳೆದು ಅಳು ಬಂತು; ಲೆನ್ಸ್ ಜಾರೀತೆಂದು ತಡೆದುಕೊಂಡೆ.

ಕಿರೀಟ ಸದ್ಯಕ್ಕೆ ನನ್ನಲ್ಲೇ ಉಳಿದಿದೆ.

ತಮ್ಮ ವಿಶ್ವಾಸಿ,
ತಾವು ತಿರಸ್ಕರಿಸಿದ ರಾಜ

ತಾ.ಕ.: ಭಾವಮೈದನಿಗೂ ಈಚೆಗೆ ದೂರದ್ದು ಮಬ್ಬಾಗಿದೆಯಂತೆ, ಬರುವ ವಾರ ತಮ್ಮಲ್ಲಿಗೆ ಬರುತ್ತಿದ್ದಾನೆ. ದಯವಿಟ್ಟು ಅವನ ಕಣ್ಣನ್ನು ಚೆನ್ನಾಗಿಯೇ ತಿದ್ದಿ ಕಳಿಸಿ. ಅವನು ಅಭಿನಯಿಸುವಾಗ ಮೊದಲ ಸಾಲಿನಲ್ಲಿ ಗೊರಕೆ ಹೊಡೆಯುವವರು ತನ್ನ ಸ್ವಂತ ಅಪ್ಪನೇ ಎಂಬುದು ಅವನಿಗೂ ಒಮ್ಮೆ ಸ್ಪಷ್ಟವಾಗಿ ಕಾಣಲಿ.