ಈಳಿಗೆಮಣೆಯ ಸ್ಥಳಾಂತರ

ಸ್ಥಳಾಂತರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಇಡೀ ಉಗ್ರಾಣವನ್ನು ಎರಡು ಸಲ ಶೆಡ್ಡಿನಿಂದ ಶೆಡ್ಡಿಗೆ ಸಾಗಿಸಿದವನು ನಾನು. ಒಂದು ನಟ್ಟೂ ಕಳೆದಿರಲಿಲ್ಲ!

ನಿವೃತ್ತನಾದ ಮೇಲೆ ಕಂಪ್ಯೂಟರ್ ಕಲಿತು, ಕನ್ನಡದ ಕಾಗುಣಿತ ತಪ್ಪು ಹಿಡಿಯುವ ತಂತ್ರಾಂಶ ಬರೆದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ಅದಕ್ಕೆ ಪದ ಸೇರಿಸುತ್ತಿದ್ದವರು ನನ್ನ ಹೆಂಡತಿ ಸುಶೀಲಾ ಮತ್ತು ಕುಕ್ ಟೌನಿನ ನಿವೃತ್ತ ಮೇಷ್ಟ್ರು ಅಂತೋನಪ್ಪ. ಯಾವ ಪದವನ್ನು ಯಾರು, ಏಕೆ ಸೇರಿಸಿದರೆಂಬ ಟಿಪ್ಪಣಿಯೂ ತಂತ್ರಾಂಶದ ಜೊತೆಗೇ ಅಂತರಜಾಲದ ಒಂದು ತಾಣದಲ್ಲಿ ಉಳಿಯುತ್ತಿತ್ತು. ಆ ತಾಣ ಬರಬರುತ್ತಾ ಆಮೆಯಾಯಿತು. ಬೇರೆ ತಾಣಕ್ಕೆ ಹೋಗುವುದೆಂದು ತೀರ್ಮಾನಿಸಿದೆ.

"ಹಳೇದು ಒಂದು ತಿಂಗಳು ಹಾಗೇ ಇರ್ಲಿ ಸಾರ್," ಎಂದರು ಅಂತೋನಪ್ಪ ಫೋನಿನಲ್ಲಿ. ಅವರ ಮನೆಯಲ್ಲಿ ಕೂರಬೇಕಾದರೆ ಕುರ್ಚಿಯ ಮೇಲಿನ ಹಳೆ ಪೇಪರುಗಳಿಗೆ ಮೊದಲು ಬೇರೆ ಕುರ್ಚಿ ಹುಡುಕಬೇಕು. ಅಂಥವರ ಸಲಹೆಯನ್ನು ಕಡತಕ್ಕೆ ಸೇರಿಸಲಿಲ್ಲ.

ಒಂದೇ ಸರಕು ಎರಡು ಕಡೆ ಇರಕೂಡದು ಎಂಬುದು ಉಗ್ರಾಣದ ನಿಯಮ. ಬೆಳಿಗ್ಗೆ ಒಂಬತ್ತಕ್ಕೆ ತಂತ್ರಾಂಶವನ್ನು ಹೊಸ ತಾಣಕ್ಕೆ ಏರಿಸಿದೆ. ಒಂಬತ್ತೂವರೆಗೆ ಹಳೆಯದನ್ನು ಅಳಿಸಿದೆ. ಖಚಿತವೇ ಎಂದು ತಾಣ ಎರಡು ಸಲ ಕೇಳಿತು. ಎರಡು ಸಲವೂ ಹೌದೆಂದೆ. ನನ್ನ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರತಿಯನ್ನೂ ತೆಗೆದು ಹಾಕಿದೆ. ಅಭ್ಯಂಜನ ಮಾಡಿದಷ್ಟು ಹಗುರವಾಯಿತು!

ಸುಶೀಲಾ ಕಾಫಿ ತಂದಿಟ್ಟು ಪರದೆ ನೋಡಿದಳು. ಪದಗಳೆಲ್ಲ ಇದ್ದವು, ಹಳೆಯ ಟಿಪ್ಪಣಿಗಳು ಮಾತ್ರ ಬಂದಿರಲಿಲ್ಲ. ಎಲ್ಲದರ ಮುಂದೆಯೂ ನನ್ನ ಹೆಸರೇ ಇತ್ತು. ಸರಕು ಸಾಗಿಸಿ, ದಾಖಲೆ ಪುಸ್ತಕವನ್ನು ಸುಟ್ಟಿದ್ದೆ.

"ಈಳಿಗೆಮಣೆ ತೆಗೀರಿ," ಎಂದಳು.

ತೆಗೆದೆ. ಆ ಪದಕ್ಕೆ ಅವಳು ಬರೆದಿದ್ದ ಟಿಪ್ಪಣಿ ನನಗೂ ಬಾಯಿಪಾಠ. 'ಅಮ್ಮ ಇದರ ಮೇಲೆ ಕೂತು ತರಕಾರಿ ಹೆಚ್ಚುತ್ತಲೇ ನನಗೆ ಮಗ್ಗಿ ಕಲಿಸಿದಳು.' ಅಮ್ಮನ ಬಾಯಿಂದ ಕೇಳಿದ ಅಂಥ ನೂರಾರು ಪದಗಳನ್ನು ಅವಳು ಹೀಗೆಯೇ ಕೂಡಿಟ್ಟಿದ್ದಳು. ಈಗ ಅಲ್ಲಿ 'ಸರಕು ಸುಸ್ಥಿತಿಯಲ್ಲಿ ತಲುಪಿದೆ' ಎಂಬ ನನ್ನ ಒಕ್ಕಣೆ ಇತ್ತು.

"ಹೋಗ್ಲಿ ಬಿಡಿ, ಪದ ಇದೆಯಲ್ಲ," ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು.

ನಾನಿನ್ನೂ ಕಾಫಿ ಕುಡಿದಿರಲಿಲ್ಲ.

ಹಲಸೂರಿನಿಂದ ಆಟೋ ಹಿಡಿದು ಕುಕ್ ಟೌನಿಗೆ ಓಡಿದೆ. ನಿಂತೇ ತಪ್ಪೊಪ್ಪಿಕೊಂಡೆ. ಅಂತೋನಪ್ಪ ನಗಲಿಲ್ಲ.

"ಏನೂ ಬಿಸಾಕಲ್ಲ ಅಂತ ಬೈತಿದ್ರಲ್ಲ ಸಾರ್, ಇರಿ," ಎಂದು ಕಂಪ್ಯೂಟರಿನಲ್ಲಿ ಹುಡುಕತೊಡಗಿದರು. 'ಹೊಸದು', 'ಹೊಸದು ಎರಡು', 'ಇದೇ ಸರಿ', 'ಇದಲ್ಲ' ಎಂಬ ಫೋಲ್ಡರುಗಳು ಒಂದೊಂದಾಗಿ ತೆರೆದವು. 'ಇದಲ್ಲ' ಎಂಬುದರೊಳಗೆ ನಮ್ಮ ತಂತ್ರಾಂಶದ ಇಡೀ ಪ್ರತಿ, ಟಿಪ್ಪಣಿಗಳ ಸಮೇತ, ಬೆಚ್ಚಗೆ ಮಲಗಿತ್ತು. ಈಳಿಗೆಮಣೆಯೂ ಇತ್ತು, ಅಮ್ಮನೂ ಇದ್ದರು. ಕುರ್ಚಿಯ ಆ ಹಳೆ ಪೇಪರುಗಳ ಮೇಲೆಯೇ ಕುಳಿತುಬಿಟ್ಟೆ. ಮೆತ್ತಗಿದ್ದವು.

ಈಗ ಹೊಸ ತಾಣದಲ್ಲಿ ಎಲ್ಲರ ಹೆಸರೂ ಇದೆ. ಅಳಿಸುವ ಅಧಿಕಾರ ಮಾತ್ರ ಸುಶೀಲಾಳದು. ನಾನು ಒಂದು ಅಕ್ಷರ ಅಳಿಸಬೇಕಾದರೂ ಕಾರಣ ಸಹಿತ ಅರ್ಜಿ ಕೊಡಬೇಕು. ಹೋದ ಸೋಮವಾರ ಒಂದು ಕೊಟ್ಟಿದ್ದೇನೆ. ಕಾಫಿ ಬಂದಿದೆ. ಅರ್ಜಿ ಪರಿಶೀಲನೆಯಲ್ಲಿದೆ.