ನಡುಮನೆಯ ಗೋಡೆಯ ನುಣುಪು ಮುಖ

ಮುಖ ತೊಳೆಯಲು ನೀರು ಸಾಕು, ನೋಡಿಕೊಳ್ಳಲು ಕನ್ನಡಿ ಸಾಕು. ಗೋಡೆಗೆ ತೂಗುಹಾಕಲು ಮಾತ್ರ ಫೋಟೋನೇ ಬೇಕು. ಕನ್ನಡಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ಅದನ್ನು ಬಚ್ಚಲಮನೆಯ ಬಾಗಿಲ ಬಳಿ ನೇತುಹಾಕುತ್ತೇವೆ. ಫೋಟೋವನ್ನು ನಡುಮನೆಯಲ್ಲಿ, ಬಂದವರಿಗೆಲ್ಲ ಮೊದಲು ಕಾಣುವ ಕಡೆ ಹಾಕುತ್ತೇವೆ. ನಮ್ಮ ಮನೆಯಲ್ಲೂ ಹದಿನಾಲ್ಕು ವರ್ಷ ಒಂದು ಫೋಟೋ ಹಾಗೆ ಕೂತಿತ್ತು. ಕಪ್ಪು ಗೌನು, ಚೌಕದ ಟೋಪಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಅದು ನಾನು. ಅಥವಾ, ನಾನು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ನಮ್ಮ ವಂಶದಲ್ಲಿ ಬಿ.ಎ. ಆದವನು ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳುವಾಗ ನನಗೆ ಸಂಕೋಚವಾಗುವುದಿಲ್ಲ. ಮಾಡದಕೆರೆಯ ನಮ್ಮ ಮನೆಯ ಕಾಗದಪತ್ರಗಳಿಗೆಲ್ಲ ಅಲ್ಲಿಯವರೆಗೆ ಹೆಬ್ಬೆಟ್ಟೇ ರುಜು. ನಾನು ಹೊಸದುರ್ಗದ ಒಂದು ಕಚೇರಿಯಲ್ಲಿ ಜವಾನನಾಗಿ ಹಗಲೆಲ್ಲ ಕಡತ ಹೊತ್ತು, ಅಂಚೆಯಲ್ಲಿ ಬಂದ ಪಾಠಗಳನ್ನು ಬೆಳಗಿನ ಜಾವ ಓದಿ, ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದು ಪಡೆದ ಪದವಿ ಅದು. ಫಲಿತಾಂಶ ಬರುವಷ್ಟರಲ್ಲಿ ನನ್ನ ಮಗಳು ಕವಿತಾಳೇ ಒಂದನೇ ಕ್ಲಾಸು ಮುಗಿಸಿದ್ದಳು. "ಅಪ್ಪ, ಮಗಳು ಒಂದೇ ವರ್ಷ ಪಾಸಾಗವ್ರೆ" ಎಂದು ಕಚೇರಿಯಲ್ಲಿ ನಕ್ಕರು. ನಗಲಿ. ಇಬ್ಬರೂ ಪಾಸಾದೆವಲ್ಲ.

ಆ ಖುಷಿಗೆ ಬಸಣ್ಣನ ಸ್ಟುಡಿಯೋಗೆ ಹೋದೆ. ಗೌನು ಅವನದೇ, ತಾಲ್ಲೂಕಿನ ಪದವೀಧರರೆಲ್ಲ ಅದನ್ನೇ ತೊಟ್ಟು ಬೆವರಿದ್ದರು. ಕೈಗೆ ಕೊಟ್ಟ ಸುರುಳಿ ಹಿಂದಿನ ವರ್ಷದ ಕ್ಯಾಲೆಂಡರಿನ ಡಿಸೆಂಬರ್ ಹಾಳೆ. ಚಿಕ್ಕಂದಿನಲ್ಲಿ ಸಿಡುಬು ಎದ್ದು ನನ್ನ ಮುಖದ ತುಂಬ ಕಲೆಗಳಿವೆ. ಮಳೆ ಬಿದ್ದ ಅಂಗಳದ ಹಾಗೆ. ಬಸಣ್ಣ ಅದನ್ನು ನೋಡಿ, "ಸ್ವಲ್ಪ ಟಚಿಂಗ್ ಕೊಡ್ತೀನಿ ಬಿಡ್ರಿ ಸಾರ್" ಎಂದ. ಅವನು ಸಾರ್ ಎಂದು ಕರೆದದ್ದು ಅದೇ ಮೊದಲು. ನೆಗೆಟಿವ್ ಮೇಲೆ ಪೆನ್ಸಿಲು ಆಡಿಸಿ ಅವನು ಕೊಟ್ಟ ಫೋಟೋದಲ್ಲಿ ಒಂದೇ ಒಂದು ಕಲೆ ಇರಲಿಲ್ಲ, ಮುಖ ತೊಳೆದಿಟ್ಟ ಬದನೆಕಾಯಿಯಂತೆ ನುಣ್ಣಗಿತ್ತು. ಇದು ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. "ದೊಡ್ಡದಾಗಿ ಕಟ್ಟು ಹಾಕಿಸಿಕೊಡು" ಎಂಬ ಮಾತು ಹೊರಬಂತು.

ಊರಿಂದ ಬಂದ ನಮ್ಮವ್ವ ಫೋಟೋದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಗಾಜಿನ ಮೇಲೆ ಬೆರಳಿಟ್ಟು ತಡಕಿದಳು.

"ಯಾರಲೇ ಮಗಾ ಇವ್ನು?"

"ನಾನೇ ಕಣವ್ವ."

"ಮಖದಾಗಿನ ಕಲೆ ಎಲ್ಲಿ ಹೋದ್ವು?"

"ಫೋಟೋದೋನು ತೆಗೆದ."

"ತೆಗೆಯಾಕೆ ಅವ್ನ್ಯಾರು? ಇಪ್ಪತ್ತೊಂದು ದಿನ ಬೇವಿನ ಸೊಪ್ಪು ಬೀಸ್ಕಂತ ನಿನ್ನ ಪಕ್ಕ ಕುಂತಿದ್ದೀನಿ. ಪಕ್ಕದ ಮನೆ ಕೂಸು ಹೋತು, ನೀನು ಉಳ್ಕಂಡೆ. ಉಳ್ಕಂಡಿದ್ದಕ್ಕೆ ಗುರುತು ಕಣಲೇ ಅವು!"

ನಾನು ತಲೆ ತಗ್ಗಿಸಬೇಕಿತ್ತು. ಆದರೆ ಪದವೀಧರನಾಗಿದ್ದೆ. "ನಿಂಗೆ ಇವೆಲ್ಲ ಗೊತ್ತಾಗಲ್ಲ, ಸುಮ್ಕಿರವ್ವ" ಎಂದೆ. ಅಷ್ಟು ಕಷ್ಟಪಟ್ಟು ಪಡೆದ ಪದವಿಯನ್ನು ನಾನು ಮೊಟ್ಟಮೊದಲು ಬಳಸಿದ್ದು ಆ ಒಂದು ವಾಕ್ಯಕ್ಕೆ. ಅವ್ವ ಮತ್ತೆ ಆ ಗೋಡೆಯತ್ತ ನೋಡಲಿಲ್ಲ. ಎರಡು ವರ್ಷಕ್ಕೆ ಹೋಗಿಬಿಟ್ಟಳು.

ಹೋಗುವಾಗ ತನ್ನ ಬಣ್ಣವನ್ನು ಮೊಮ್ಮಗಳಿಗೆ ಬಿಟ್ಟುಹೋದಳು. ಕವಿತಾ ಅಜ್ಜಿಯ ಹಾಗೆಯೇ ನೇರಳೆಹಣ್ಣಿನ ಬಣ್ಣ. ನನ್ನ ಹೆಂಡತಿ ರತ್ನಮ್ಮ ಇದನ್ನು ವಿಧಿ ಎಂದು ಒಪ್ಪಿಕೊಳ್ಳುವವಳಲ್ಲ. ಭಾನುವಾರ ಕಡಲೆಹಿಟ್ಟು, ಬುಧವಾರ ಹಾಲಿನ ಕೆನೆ, ಉಳಿದ ದಿನ ಟ್ಯೂಬಿನ ಕ್ರೀಮು. ಹತ್ತು ವರ್ಷ ಆ ಹುಡುಗಿಯ ಮುಖಕ್ಕೆ ಮೆತ್ತಿದ ಕಡಲೆಹಿಟ್ಟಿನಲ್ಲಿ ಹೊಸದುರ್ಗಕ್ಕೆಲ್ಲ ಮೆಣಸಿನಕಾಯಿ ಬಜ್ಜಿ ಕರಿಯಬಹುದಿತ್ತು. ಕವಿತಾ ಮಾತ್ರ ಇದ್ದ ಹಾಗೇ ಇದ್ದಳು.

ಅವಳು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಾಗ, ಒಂದು ರಜೆಯಲ್ಲಿ ಗೆಳತಿಯಿಂದ ಸಿ.ಡಿ.ಗಳ ಕಟ್ಟೊಂದನ್ನು ತಂದಳು. ಕೊರಿಯಾ ದೇಶದ ಪ್ರೇಮದ ಧಾರಾವಾಹಿಯಂತೆ. ಮಾತು ಅವರದು, ಕೆಳಗೆ ಇಂಗ್ಲಿಷ್ ಸಾಲು. "ನಾನು ಓದಿ ಹೇಳುತ್ತೇನೆ" ಎಂದು ಮನೆಯ ಹಳೆಯ ಪದವೀಧರನಾಗಿ ಮುಂದೆ ಕೂತೆ. ನಾನು ಕರ್ತೃಪದ ಹುಡುಕುವಷ್ಟರಲ್ಲಿ ಸಾಲೇ ಮಾಯವಾಗುತ್ತಿತ್ತು. ಹತ್ತು ನಿಮಿಷದಲ್ಲಿ ಕವಿತಾ ಆ ಕೆಲಸವನ್ನು ನನ್ನಿಂದ ಮೆಲ್ಲಗೆ ತೆಗೆದುಕೊಂಡಳು.

ಕಥೆ ಇಷ್ಟು: ಸೋಪಿನ ಕಂಪನಿಯೊಂದರಲ್ಲಿ ಒಬ್ಬ ಹುಡುಗಿ. ಮುಖ ಅಗಲ, ಕೆನ್ನೆಯ ಮೇಲೆ ಚುಕ್ಕೆ ಎಂದು ಅವಳನ್ನು ಗಿರಾಕಿಗಳ ಕಣ್ಣಿಗೆ ಬೀಳದಂತೆ ಗೋಡೌನಿನಲ್ಲಿ ಕೂರಿಸಿದ್ದಾರೆ. ರತ್ನಮ್ಮನಿಗೆ ಇಲ್ಲೇ ತಕರಾರು.

"ಇವಳಿಗೇನೇ ಆಗೈತೆ? ಹಾಲಿನಂಗೆ ಬೆಳ್ಳಗವಳೆ!"

"ಅಲ್ಲಿ ಎಲ್ಲಾರೂ ಬೆಳ್ಳಗವ್ರೆ ಕಣಮ್ಮ. ಇವಳ ಮಖ ಅಗಲ ಅಂತ ಆಡ್ಕಂತಾರೆ."

"ಮಖ ಅಗಲ ಇದ್ರೆ ಕುಂಕುಮ ಲಕ್ಷಣವಾಗಿ ಕಾಣ್ತೈತೆ. ಆ ದೇಶದೋರಿಗೆ ತಲೆ ಕೆಟ್ಟೈತೆ ಬಿಡು" ಎಂದವಳು, ಸಿ.ಡಿ. ಬದಲಾಯಿಸುವ ಬಿಡುವಿನಲ್ಲಿ ಮಗಳ ಕೆನ್ನೆಗೆ ಕೆನೆ ಹಚ್ಚಿದಳು.

ಕೊನೆಯ ಸಿ.ಡಿ.ಯನ್ನು ಒಂದು ಭಾನುವಾರ ಮಧ್ಯಾಹ್ನ ನೋಡಿದೆವು. ಹುಡುಗಿ ಮುಖವನ್ನು ಕೊಯ್ಯಿಸಿಕೊಂಡು ಚಿಕ್ಕದು ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋಗುತ್ತಾಳೆ. ಎಲ್ಲೆಲ್ಲಿ ಕೊಯ್ಯಬೇಕೆಂದು ಡಾಕ್ಟರು ಪೆನ್ನಿನಲ್ಲಿ ಗೆರೆ ಎಳೆಯುತ್ತಾನೆ. ಅವಳು ಕನ್ನಡಿ ನೋಡಿಕೊಂಡು, ಎದ್ದು, ಗೆರೆಗಳನ್ನು ಒರೆಸದೆ ಹಾಗೇ ಬಸ್ಸು ಹತ್ತಿ ಮನೆಗೆ ಹೋಗುತ್ತಾಳೆ. ಬಸ್ಸಿನವರೆಲ್ಲ ನೋಡುತ್ತಿದ್ದಾರೆ. "ಅಯ್ಯೋ ಕೂಸೇ, ಮಖನಾದ್ರೂ ತೊಳ್ಕಂಡು ಹೋಗಬಾರ್ದಾ" ಎಂದು ರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಇದು ಒಳ್ಳೆಯ ನೀತಿ ಎಂದು ಸಣ್ಣ ಭಾಷಣ ಮಾಡಿದೆ. ಕವಿತಾ ಸಿ.ಡಿ.ಯನ್ನು ತೆಗೆದು ಕಟ್ಟಿಗೆ ಸೇರಿಸಿದಳು.

ಮಾರನೆಯ ದಿನವೇ ಹಿರಿಯೂರಿನಿಂದ ನನ್ನ ಭಾಮೈದ ತಿಪ್ಪೇಸ್ವಾಮಿಯ ಫೋನು. "ಭಾವ, ಹುಡುಗ ಮೇಷ್ಟ್ರು, ಒಳ್ಳೇ ಮನೆತನ. ಕವಿತಂದು ಒಂದು ಫೋಟೋ ಕಳಿಸ್ರಿ. ಚೆನ್ನಾಗಿರೋದು ಕಳಿಸ್ರಿ" ಎಂದ. ಕವಿತಾಳನ್ನು ಬಸಣ್ಣನ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅಲ್ಲೀಗ ಪೆನ್ಸಿಲಿನ ಜಾಗಕ್ಕೆ ಕಂಪ್ಯೂಟರು ಬಂದಿತ್ತು. ಫೋಟೋ ತೆಗೆದು ಪರದೆಯ ಮೇಲೆ ತಂದ ಬಸಣ್ಣ ಕೇಳಿದ: "ಬಣ್ಣ ಎರಡು ಶೇಡು ಎತ್ತಲಾ ಸಾರ್, ಮೂರಾ?"

ಯೋಚಿಸುವವನಂತೆ ಗಲ್ಲ ಕೆರೆದುಕೊಂಡು, "ಮೂರು ಬ್ಯಾಡ, ಅನುಮಾನ ಬರ್ತೈತೆ. ಎರಡು ಸಾಕು" ಎಂದೆ. ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಮಗಳು ನೆನಪಾದದ್ದು ಹೇಳಿಯಾದ ಮೇಲೆ.

ದಾರಿಯುದ್ದಕ್ಕೂ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆಗೆ ಬಂದು ನಡುಮನೆಯಲ್ಲಿ ನಿಂತು, "ಅಪ್ಪಾ, ಆ ಹುಡುಗಿ ಮಖದ ಮೇಲೆ ಗೆರೆ ಎಳೆದೋನು ಡಾಕ್ಟ್ರು. ಅವನಿಗೆ ಅವಳು ಏನೂ ಆಗಬೇಕಿರಲಿಲ್ಲ" ಎಂದಳು. ಆಮೇಲೆ ಗೋಡೆಯ ಕಡೆ ನೋಡಿ, "ಅಜ್ಜಿ ಅವತ್ತು ಅಂದಿದ್ದು ನಂಗೆ ನೆನಪೈತೆ. ಇಲ್ಲೇ ಮಂಡಕ್ಕಿ ತಿಂತಾ ಕುಂತಿದ್ದೆ. ನೀನು ಅಂದಿದ್ದೂ ನೆನಪೈತೆ" ಎಂದಳು.

ಮೂರು ಸಲ ಇಂಗ್ಲಿಷಿನಲ್ಲಿ ಫೇಲಾದಾಗಲೂ ನಾನು ಅಷ್ಟು ಸಣ್ಣವನಾಗಿರಲಿಲ್ಲ.

ಬೆಳಿಗ್ಗೆ ಹೋಗಿ ಇದ್ದದ್ದು ಇದ್ದ ಹಾಗೆ ಫೋಟೋ ಕೇಳಿದೆ. ಬಸಣ್ಣ ಕೊಟ್ಟ, ಆದರೆ ಹಿಂಬದಿಗೆ ತನ್ನ ಸ್ಟುಡಿಯೋದ ಸೀಲು ಒತ್ತಲು ಒಪ್ಪಲಿಲ್ಲ. "ನಾಕು ಜನ ನೋಡ್ತಾರೆ ಸಾರ್, ನನ್ನ ಕೆಲಸ ಅಂತ ತಿಳ್ಕಂತಾರೆ" ಎಂದ. ಫೋಟೋ ಹಿರಿಯೂರಿಗೆ ಹೋಯಿತು. ಎಂಟು ದಿನಕ್ಕೆ ತಿಪ್ಪೇಸ್ವಾಮಿ ಮತ್ತೆ ಫೋನು ಮಾಡಿ, ಜಾತಕ ಕೂಡಲಿಲ್ಲವಂತೆ ಎಂದ. ನಾವು ಜಾತಕ ಕಳಿಸಿಯೇ ಇರಲಿಲ್ಲ.

"ನಿಮ್ಮ ಸತ್ಯ ನೀವೇ ಕಟ್ಕಂಡು ಬಾಳ್ರಿ" ಎಂದು ರತ್ನಮ್ಮ ನನ್ನೊಂದಿಗೆ ಮಾತು ಬಿಟ್ಟಳು. ಕವಿತಾ ನಕ್ಕಳು: "ಕಳಿಸದೇ ಇರೋ ಜಾತಕನೇ ಕೂಡಲಿಲ್ಲ ಅಂದ್ರೆ, ಕಳಿಸಿದ್ರೆ ಇನ್ನೆಂಗಿರ್ತಿತ್ತು ಬಿಡಮ್ಮ." ನಕ್ಕವಳು ಬಚ್ಚಲಿಗೆ ಹೋಗಿ, ಮುಖ ತೊಳೆಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೀರು ಬಿಟ್ಟುಕೊಂಡಳು. ನಾನು ಬಾಗಿಲ ಆಚೆ ನಿಂತಿದ್ದೆ; ಏನು ಹೇಳಬೇಕೆಂದು ಬಿ.ಎ.ಯಲ್ಲಿ ಹೇಳಿಕೊಟ್ಟಿರಲಿಲ್ಲ. ಹೊರಬಂದವಳು ಅಲ್ಲೇ ಗೂಡಿನಲ್ಲಿದ್ದ ಕೆನೆಯ ಬಟ್ಟಲನ್ನು ಬೆಕ್ಕಿನ ಮುಂದಿಟ್ಟು, ಕನ್ನಡಿ ನೋಡಿಕೊಂಡು ನಿಧಾನವಾಗಿ ತಲೆ ಬಾಚಿಕೊಂಡಳು. ಬಿ.ಎಡ್. ಅರ್ಜಿಗೆ ಫೋಟೋ ಬೇಕಾದಾಗ ಟಚಿಂಗ್ ಇಲ್ಲದ ಅದೇ ಫೋಟೋವನ್ನು ಚಿಕ್ಕದು ಮಾಡಿಸಿ ಅಂಟಿಸಿದಳು. ಆ ಅರ್ಜಿಗೆ ಯಾರೂ ಜಾತಕ ಕೇಳಲಿಲ್ಲ.

ಅದಾದ ಮೇಲೆ ನನ್ನ ಫೋಟೋವನ್ನು ಗೋಡೆಯಿಂದ ಇಳಿಸಿದೆ. ಅಲ್ಲೊಂದು ಚೌಕ ಬೆಳ್ಳಗೆ ಉಳಿದು ಬಂದವರೆಲ್ಲ ಕೇಳತೊಡಗಿದ್ದರಿಂದ, ಹೊಸದು ತೆಗೆಸಲು ಹೋದೆ. ಅದೇ ಗೌನು, ನಾನು ಮಾತ್ರ ಅದಕ್ಕೆ ಹಿಡಿಸುತ್ತಿರಲಿಲ್ಲ. ಟೋಪಿ ಬೇಡವೆಂದೆ. ಪರದೆಯ ಮೇಲೆ ಮುಖ ಬಂದಾಗ ಬಸಣ್ಣ ನನ್ನತ್ತ ತಿರುಗಿದ.

"ಕಲೆ ಇರ್ಲಾ ಸಾರ್?"

"ಎಲ್ಲಾ ಇರ್ಲಿ. ಒಂದೂ ಹೋಗಬಾರ್ದು. ನಮ್ಮವ್ವ ಬಂದ್ರೆ ಗುರುತು ಹಿಡಿಬೇಕು."

"ಆತು ಬಿಡ್ರಿ" ಎಂದ ಅವನು ಮೌಸಿನ ಬಾಣವನ್ನು ಹಣೆಯಿಂದ ಮೇಲಕ್ಕೆ ಸರಿಸಿ ಸುಮ್ಮನೆ ನಿಲ್ಲಿಸಿದ. "ಮತ್ತೆ... ತಲೆ?"

ಕೂದಲು ಆ ಪರಿ ನೆರೆತದ್ದು ನನಗೂ ಗೊತ್ತಿರಲಿಲ್ಲ. ಹಿಂದಿನ ಸ್ಟೂಲಿನ ಮೇಲೆ ಯಾರೂ ಇಲ್ಲವೆಂದು ಒಮ್ಮೆ ನೋಡಿಕೊಂಡೆ. ದನಿ ತಗ್ಗಿಸಿ, "ಮೂರು ಬ್ಯಾಡ, ಎರಡು ಶೇಡು" ಎಂದೆ.

ಈಗ ನಡುಮನೆಯ ಗೋಡೆಯ ಮೇಲೆ ಅವ್ವ ಉಳಿಸಿಕೊಟ್ಟ ಮುಖವೇ ಇದೆ, ಗುಳಿಗೆ ಗುಳಿ ಲೆಕ್ಕ ತಪ್ಪದಂತೆ. ಅದರ ಮೇಲೆ ಕಾಗೆಯಂಥ ಕಪ್ಪು ತಲೆ. ಕವಿತಾ ರಜೆಗೆ ಬಂದಾಗಲೆಲ್ಲ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾಳೆ. ಇನ್ನೂ ಏನೂ ಅಂದಿಲ್ಲ. ಅವಳು ಇರುವಷ್ಟು ದಿನ ನಾನು ಆ ಗೋಡೆಗೆ ಬೆನ್ನು ಹಾಕಿ ಊಟಕ್ಕೆ ಕೂರುತ್ತೇನೆ.