ಮಾಣಿಕಪ್ಪನವರು ತೊಟ್ಟಿಲು ತರಿಸಿದ್ದು

ಎಲ್ಲಿ ಯಾವ ಯಂತ್ರ ಕೆಟ್ಟು ನಿಂತರೂ ಅದು ತಮ್ಮ ಕೈಗಾಗಿಯೇ ಕಾಯುತ್ತಿದೆ ಎಂದು ಮಾಣಿಕಪ್ಪನವರು ಬಲವಾಗಿ ನಂಬಿದ್ದರು. ನಂಬಿಕೆಗೆ ಕಾರಣವೂ ಇತ್ತು. ನಂದೂರಿನ ತೊಗರಿಬೇಳೆ ಮಿಲ್ಲೊಂದರಲ್ಲಿ ಅವರು ಮ್ಯಾನೇಜರು. ಒಮ್ಮೆ ಆಫೀಸಿನ ಕಂಪ್ಯೂಟರ್ ಹಟ ಹಿಡಿದು ಕೂತಾಗ, ರಿಪೇರಿಯವನು ಬರುವ ಮೊದಲೇ ಇವರು ಸ್ವಿಚ್ ಆರಿಸಿ ಮತ್ತೆ ಹಾಕಿದ್ದರು. ಕಂಪ್ಯೂಟರ್ ಎದ್ದು ನಿಂತಿತು. ಅಂದಿನಿಂದ ಅವರ ತಾಂತ್ರಿಕ ಪಾಂಡಿತ್ಯವನ್ನು ಪ್ರಶ್ನಿಸುವವರು ಮಿಲ್ಲಿನಲ್ಲಿ ಯಾರೂ ಇರಲಿಲ್ಲ. (ಮನೆಯಲ್ಲಿ ಇದ್ದರು. ಒಬ್ಬರೇ. ಆ ಒಬ್ಬರು ಧಾರಾಳವಾಗಿ ಸಾಕಾಗಿದ್ದರು.)

ಆ ಒಬ್ಬರೆಂದರೆ ಹೆಂಡತಿ ವಿದ್ಯಾವತಿ. ಕಮಲಾಪುರದಲ್ಲಿರುವ ಅವರ ತಂಗಿ ನಾಗರತ್ನಾಳ ಮಗಳು ಶೀಲಾ ಗಂಡು ಮಗು ಹಡೆದಿದ್ದಳು. ಭಾನುವಾರ ನಾಮಕರಣ. 'ತೊಟ್ಟಿಲು ನಮ್ಮದು' ಎಂದು ವಿದ್ಯಾವತಿ ಮಾತು ಕೊಟ್ಟುಬಿಟ್ಟಿದ್ದರು. ಅಂತಿಂಥ ತೊಟ್ಟಿಲಲ್ಲ, ಆನ್‌ಲೈನ್ ಅಂಗಡಿಯೊಂದರಲ್ಲಿ ಕಣ್ಣು ಹಾಕಿಟ್ಟಿದ್ದ ತೊಟ್ಟಿಲು. ಹಾಲಿನಂಥ ಬಿಳಿ ಬಣ್ಣ, ಮೇಲೆ ಸೊಳ್ಳೆಪರದೆ, ಗುಂಡಿ ಒತ್ತಿದರೆ ತನ್ನಷ್ಟಕ್ಕೆ ತಾನೇ ತೂಗಿಕೊಂಡು ಹಾಡುವಂಥದ್ದು. ಶೀಲಾಳ ಅತ್ತೆ ಪುತಳಾಬಾಯಿ ಬಸವಕಲ್ಯಾಣದಿಂದ ಬರುವವರಿದ್ದರು. ಮದುವೆಯಲ್ಲಿ ಕೊಟ್ಟ ಕೊಡ, ತಂಬಿಗೆಗಳನ್ನೆಲ್ಲ ಬೆರಳಿನಿಂದ ಬಡಿದು ಸದ್ದು ಕೇಳಿ ಮೂಗು ಮುರಿದಿದ್ದ ಹೆಣ್ಣುಮಗಳು ಅವರು. ಅವರ ಬಾಯಿಗೆ ಬೀಗ ಹಾಕುವ ಶಕ್ತಿ ಈ ತೊಟ್ಟಿಲಿಗೆ ಮಾತ್ರ ಇದೆಯೆಂದು ಅಕ್ಕತಂಗಿಯರು ಫೋನಿನಲ್ಲಿ ತೀರ್ಮಾನಿಸಿದ್ದರು.

ಸೋಮವಾರ ಆ ಅಂಗಡಿಯ ರಿಯಾಯಿತಿ ಮಾರಾಟ ಶುರುವಾಯಿತು. ವಿದ್ಯಾವತಿ ತೊಟ್ಟಿಲಿನ ಚಿತ್ರ ಒತ್ತಿದರು. ತೊಟ್ಟಿಲಿನ ಬದಲು, ಕಣ್ಣೀರು ಸುರಿಸುವ ಒಂದು ಕೈಚೀಲದ ಚಿತ್ರ ಬಂತು. ಕೆಳಗೆ, 'ಏನೋ ತೊಂದರೆಯಾಗಿದೆ. ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ' ಎಂದಿತ್ತು.

"ರೀ, ಇದ್ಯಾಕೋ ಅಳಾಕತ್ತದ ನೋಡ್ರಿ."

ಮಾಣಿಕಪ್ಪನವರು ನಾಡಿ ಹಿಡಿದ ವೈದ್ಯರ ಗಾಂಭೀರ್ಯದಿಂದ ಫೋನು ನೋಡಿದರು. "ಸೈಟ್ ಡೌನ್ ಆಗ್ಯದ."

"ಹಂಗಂದ್ರ?"

"ಮಂದಿ ಎಲ್ಲಾ ಒಮ್ಮೆಲೇ ನುಗ್ಗ್ಯಾರ. ಬಾಗಿಲದಾಗ ಸಿಕ್ಕೊಂಡಾರ."

"ಹಂಗಾದ್ರ ಸಂಜಿಗಿ ನೋಡೋಣು ಬಿಡ್ರಿ. ಅವರೇ ಬರದಾರಲ್ಲ, ಸ್ವಲ್ಪ ಹೊತ್ತು ತಡೀರಿ ಅಂತ."

"ಅವರು ಹಂಗ ಬರೀತಾರ. ಅದನ್ನ ನಂಬಿ ಕೂಡೋರು ನಿನ್ನಂಥ ಸಾಮಾನ್ಯ ಜನ. ಫೋನ್ ಕೊಡು ಇತ್ತ."

ವಿದ್ಯಾವತಿ ಕೊಟ್ಟರು. (ಈಗಲೂ ಆ ಕ್ಷಣ ನೆನೆದರೆ ತಮ್ಮ ಕೈಯನ್ನೇ ತಾವು ಚಿವುಟಿಕೊಳ್ಳುತ್ತಾರೆ.)

ಶಸ್ತ್ರಚಿಕಿತ್ಸೆ ಆರಂಭವಾಯಿತು. ಮೊದಲು ಫೋನ್ ಆರಿಸಿ ಹಚ್ಚಿದರು. ಆಮೇಲೆ ವೈಫೈ ಡಬ್ಬಿ ಆರಿಸಿ ಹಚ್ಚಿದರು. ಅದಕ್ಕೂ ಬಗ್ಗದಿದ್ದಾಗ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿ ಏರಿಸಿದರು. ಅಡುಗೆಮನೆಯಲ್ಲಿ ಮಿಕ್ಸರಿನಲ್ಲಿದ್ದ ಶೇಂಗಾ ಚಟ್ನಿ ಅರ್ಧಕ್ಕೇ ನಿಂತಿತು. ಆ್ಯಪ್ ಅಳಿಸಿ ಮತ್ತೆ ಹಾಕಿದರು. ಹಳೆಯ ಪಾಸ್‌ವರ್ಡ್ ಇಬ್ಬರಿಗೂ ನೆನಪಿರಲಿಲ್ಲ. ಹಾಗಾಗಿ ಪ್ರತಿ ಸಲವೂ ಹೊಸ ಗಿರಾಕಿಯಂತೆ ಕಮಲಾಪುರದ ವಿಳಾಸ, ನಾಗರತ್ನಾಳ ಫೋನ್ ನಂಬರು ತುಂಬಿ, 'ಸಾಮಾನು ಮುಟ್ಟಿದ ಮೇಲೆ ಹಣ' ಎಂಬಲ್ಲಿ ಗುರುತು ಹಾಕಿ, ಉಸಿರು ಬಿಗಿಹಿಡಿದು 'ಆರ್ಡರ್ ಮಾಡಿ' ಎಂಬುದನ್ನು ಒತ್ತುತ್ತಿದ್ದರು. ಚೀಲ ಅಳುತ್ತಿತ್ತು. ಇವರು ಹಲ್ಲು ಕಚ್ಚಿ ಮತ್ತೆ ಮೊದಲಿನಿಂದ ಹೊರಡುತ್ತಿದ್ದರು.

ಯಾವ ಸೈಟ್ ನಡೆಯುತ್ತಿದೆ, ಯಾವುದು ಮಲಗಿದೆ ಎಂದು ಹೇಳುವ ಇನ್ನೊಂದು ಸೈಟು ಇದೆಯೆಂದು ಅವರಿಗೆ ಗೊತ್ತಿತ್ತು. ಅಲ್ಲಿಗೆ ಹೋಗಿ ವಿಚಾರಿಸಿದರು. 'ನೀವು ಕೇಳಿದ ಸೈಟ್ ಚೆನ್ನಾಗಿಯೇ ನಡೆಯುತ್ತಿದೆ' ಎಂಬ ಉತ್ತರ ಬಂತು.

"ಇದೂ ಡೌನ್ ಆಗ್ಯದ!" ಎಂದರು ಮಾಣಿಕಪ್ಪನವರು.

ದೋಷ ಫೋನಿನದೋ ನೆಟ್‌ವರ್ಕಿನದೋ ಎಂದು ತಿಳಿಯಬೇಕಾದರೆ ಬೇರೆ ಫೋನಿನಿಂದ ಪರೀಕ್ಷಿಸಬೇಕು. ಪಕ್ಕದ ಮನೆಯ ಜಾಹೇದಾ ಫೋನು ಕೊಟ್ಟು, ಇವರು ಅದರಲ್ಲೂ ವಿಳಾಸ ತುಂಬಿ ಆರ್ಡರ್ ಒತ್ತುವುದನ್ನು ಬಾಗಿಲಿಗೆ ಒರಗಿ ನೋಡುತ್ತ ನಿಂತರು.

"ಭಾಯ್, ನಿಮ್ಮ ವೈಫೈ ಬ್ಯಾರೆ, ನಮ್ಮ ವೈಫೈ ಬ್ಯಾರೆ ಅಂತೀರಿ. ಅಳೋ ಚೀಲ ಮಾತ್ರ ಒಂದೇ ಅದಲ್ರೀ!"

ಮರುದಿನ ಮಿಲ್ಲಿನ ಕಂಪ್ಯೂಟರಿನಲ್ಲೂ ಪ್ರಯೋಗ ನಡೆಯಿತು. ಅಲ್ಲಿನ ಪರದೆ ದೊಡ್ಡದಿದ್ದುದರಿಂದ ಚೀಲದ ಕಣ್ಣೀರೂ ದೊಡ್ಡದಾಗಿ ಕಂಡಿತು.

"ರೀ, ಆರ್ಡರ್ ಖರೇನ ಹೋಗಿಲ್ಲ ಅಂತೀರಾ? ಒಮ್ಮೆ ನಾಗೂಗ ಫೋನ್ ಮಾಡಿ ಕೇಳ್ಲ್ಯಾ?" ಎಂದು ವಿದ್ಯಾವತಿ ರಾಗ ಎಳೆದರು.

"ಹೋಗಿದ್ರ ಆ ಚೀಲ ಯಾಕ ಅಳ್ತಿತ್ತು?"

ವಿದ್ಯಾವತಿ ಕೈಗೆತ್ತಿಕೊಂಡಿದ್ದ ಫೋನನ್ನು ಮತ್ತೆ ಕೆಳಗಿಟ್ಟರು.

ಕೊನೆಗೆ ಮಾಣಿಕಪ್ಪನವರು 'ಕಂಪನೀನ ಮುಳುಗ್ಯದ' ಎಂದು ಮರಣಪ್ರಮಾಣಪತ್ರ ಕೊಟ್ಟು, ಸ್ಟೇಶನ್ ಬಜಾರದ ಅಂಗಡಿಯೊಂದರಿಂದ ಕಟ್ಟಿಗೆಯ ತೊಟ್ಟಿಲು ಹೊತ್ತು ತಂದರು. ವಿದ್ಯಾವತಿ ಅದನ್ನು ಸುತ್ತ ತಿರುಗಿ ನೋಡಿದರು. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ಜೋಡಿಸತೊಡಗಿದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಸದ್ದಿನ ಅರ್ಥ ಮಾಣಿಕಪ್ಪನವರಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ತೊಟ್ಟಿಲು ಸಮೇತ ಬಸ್ ಹತ್ತಿದರು. ಮಾಣಿಕಪ್ಪನವರು ಹೊಸ ಧೋತರ ಉಟ್ಟಿದ್ದರು. ಕಂಡಕ್ಟರು ವಿದ್ಯಾವತಿಯವರ ಆಧಾರ್ ಕಾರ್ಡ್ ನೋಡಿ ಪುಕ್ಕಟೆ ಟಿಕೆಟ್ ಕೊಟ್ಟು, ಮಾಣಿಕಪ್ಪನವರಿಗೊಂದು, ತೊಟ್ಟಿಲಿಗೊಂದು ಟಿಕೆಟ್ ಹರಿದ.

"ಏ, ತೊಟ್ಟಿಲಕ್ಕೂ ಟಿಕೆಟ್ ಏನೋ?"

"ಪುಕ್ಕಟ ಇರೋದು ಹೆಣ್ಣಮಕ್ಕಳಿಗಿರೀ. ತೊಟ್ಟಿಲಕ್ಕ ಆಧಾರ್ ಕಾರ್ಡ್ ಇದ್ರ ತೋರಸ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳು ತನ್ನ ಬದನೆಕಾಯಿ ಗಂಟನ್ನು ತೊಟ್ಟಿಲಲ್ಲಿ ಮಲಗಿಸಿ ಹಾಯಾಗಿ ಕಂಬಿ ಹಿಡಿದು ನಿಂತಳು. ಮಾಣಿಕಪ್ಪನವರು ಕಮಲಾಪುರದವರೆಗೆ ತೊಟ್ಟಿಲು ಹಿಡಿದು ಆ ಬದನೆಕಾಯಿಗಳನ್ನು ತೂಗುತ್ತ ಹೋದರು.

ನಾಗರತ್ನಾಳ ಮನೆಯ ಬಾಗಿಲಿಗೆ ಮಾವಿನ ತೋರಣ, ಪಡಸಾಲೆಯ ಮೂಲೆಯಲ್ಲಿ ಕೆಂಪು ಬಾಳೆಗೊನೆ, ಒಳಗೆ ಹೋಳಿಗೆಯ ಘಮ. ಪುತಳಾಬಾಯಿಯವರು ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಕಟ್ಟಿಗೆಯ ತೊಟ್ಟಿಲನ್ನು ಬೆರಳಿನಿಂದ ಬಡಿದರು. ಆಮೇಲೆ ಅಂಗೈಯಿಂದ ಮೆಲ್ಲಗೆ ಒತ್ತಿದರು. ಅದು ಕುಂಟಿತು.

"ಒಂದ ಕಾಲ ಗಿಡ್ಡ ಅದರೀ," ಎಂದರು ಅಷ್ಟೇ. ವಿದ್ಯಾವತಿಯವರ ಮುಖ ಬಾಡಿಹೋಯಿತು. ಎಂಟು ದಿನದಿಂದ ಆ ಬಿಳಿ ತೊಟ್ಟಿಲಿನ ವರ್ಣನೆ ಮಾಡಿ ತಂಗಿಗೆ ಆಸೆ ಹುಟ್ಟಿಸಿದ್ದವರು ಅವರೇ. ಮಾಣಿಕಪ್ಪನವರಿಗೆ ಮೊದಲ ಸಲ, ತಾವು ಸುಮ್ಮನೆ ಇರಬೇಕಿತ್ತೇನೋ ಎನ್ನಿಸಿತು. ಆ ಸುಬುದ್ಧಿ ಬಹಳ ಹೊತ್ತು ಉಳಿಯಲಿಲ್ಲ.

ಏಕೆಂದರೆ ಅಷ್ಟರಲ್ಲೇ ಹೊರಗೆ ಗೂಡ್ಸ್ ಆಟೋ ನಿಂತಿತು. ಸಾಮಾನು ಮುಟ್ಟಿಸುವ ಗುಫ್ರಾನ್ ದೊಡ್ಡ ಡಬ್ಬಿಯೊಂದನ್ನು ಇಳಿಸಿದ. "ನಾಗರತ್ನಾ ಬಾಯಿಯೋರ ಮನಿ ಇದೇ ಅಲ್ರೀ? ತೊಟ್ಟಿಲು ಬಂದದ."

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಮಕ್ಕಳು ಡಬ್ಬಿ ಹರಿದರು, ದೊಡ್ಡವರು ಕಾಲು ಜೋಡಿಸಿದರು. ಹಾಲಿನಂಥ ತೊಟ್ಟಿಲು ಎದ್ದು ನಿಂತಿತು. ಪುತಳಾಬಾಯಿ ಬೆರಳು ಎತ್ತಿದವರು ಹಾಗೇ ಇಳಿಸಿದರು. ವಿದ್ಯಾವತಿಯವರ ಕಣ್ಣು ತುಂಬಿ ಬಂತು.

ಮಾಣಿಕಪ್ಪನವರು ಶಲ್ಯ ಸರಿಪಡಿಸಿಕೊಂಡು ಪಡಸಾಲೆಯ ನಡುವೆ ಬಂದರು. "ಅಖಿಲ ಭಾರತ ಸೈಟ್ ಬಂದ್ ಆಗಿತ್ತರೀ. ಆದ್ರೂ ಬಿಡಲಿಲ್ಲ ನಾನು. ಎಲ್ಲಾ ಕಡಿಂದ ಬೆನ್ನು ಹತ್ತಿ ಆರ್ಡರ್ ತೂರಿಸಿದೆ."

"ನಮ್ಮ ಭಾವಾರು ಅಂದ್ರ ಸುಮ್ಮನ ಏನ್ರಿ!" ಎಂದಳು ನಾಗರತ್ನಾ, ಬೀಗಿತ್ತಿಗೆ ಕೇಳಿಸುವಂತೆ.

ಹೊರಗಿನಿಂದ ಗುಫ್ರಾನ್ ಕೂಗಿದ. "ಕಾಕಾ, ಇನ್ನೊಂದು ಅದರೀ. ಹಿಡಕೋರಿ."

ಎರಡನೆಯ ಡಬ್ಬಿ ಬಂತು. ಅವಳಿಜವಳಿ ಎಂದುಕೊಂಡನೋ ಏನೋ, ಗುಫ್ರಾನ್ ಮುಬಾರಕ್ ಹೇಳಿದ. ಮಕ್ಕಳು ಯಾರ ಅಪ್ಪಣೆಗೂ ಕಾಯದೆ ಅದನ್ನೂ ಹರಿದರು. ಮೂರನೆಯದೂ ಬಂದು ಬಿಚ್ಚಿಕೊಂಡಾಗ ಮಾಣಿಕಪ್ಪನವರು ಬೆರಳು ಮಡಚಿ ಎಣಿಸತೊಡಗಿದರು. ಫೋನ್ ಆರಿಸಿ ಹಚ್ಚಿದ್ದು, ವೈಫೈ ಆರಿಸಿ ಹಚ್ಚಿದ್ದು, ಜಾಹೇದಾ, ಮಿಲ್ಲು ಎಲ್ಲವೂ ಸಾಲಾಗಿ ಕಣ್ಣಮುಂದೆ ಬಂದವು. ಚೀಲ ಅತ್ತಿದ್ದು ನಿಜ. ಆದರೆ ಅಳುತ್ತಳುತ್ತಲೇ ಪ್ರತಿಯೊಂದನ್ನೂ ಬರೆದುಕೊಂಡಿತ್ತು.

"ಮೆಸೇಜ್ ಏನೋ ಒಂದೇ ಸವನ ಬರ್ತಿದ್ವು ಭಾವಾರ," ಎಂದಳು ನಾಗರತ್ನಾ ಮೆಲ್ಲಗೆ. "ಕಂಪನಿಯವರು ಒಂದನ್ನೇ ಮತ್ತ ಮತ್ತ ಹೇಳ್ತಾರ ಅನಕೊಂಡೆ."

"ತಮ್ಮಾ, ಇವು ವಾಪಸ್ ತಗೊಂಡ್ಹೋಗಪ್ಪಾ," ಎಂದರು ಮಾಣಿಕಪ್ಪನವರು.

"ಬಿಚ್ಚಿದ ಮಾಲು ವಾಪಸ್ ಆಗಂಗಿಲ್ಲ ಕಾಕಾ. ಬಿಚ್ಚದ ಇದ್ರ ಒಯ್ತೇನಿ. ಆಟೋದಾಗ ಜಾಗಾ ಸಾಲಲಿಲ್ಲ, ಉಳದದ್ದು ತರ್ತೇನಿ ತಡೀರಿ. ರೊಕ್ಕ ಎಲ್ಲಾದ್ರದ್ದೂ ಕೂಡೇ ಆಮ್ಯಾಲ ಕೊಡ್ರಿ." ನಾಗರತ್ನಾ ಕೊಟ್ಟ ಬಾಳೆಹಣ್ಣು ಸುಲಿಯುತ್ತ ಅವನು ಹೊರಟುಹೋದ.

ಪುತಳಾಬಾಯಿ ಸಾಲುಗಟ್ಟಿ ನಿಂತ ತೊಟ್ಟಿಲುಗಳನ್ನು ಒಮ್ಮೆ ನೋಡಿದರು, ಸೊಸೆಯನ್ನು ಒಮ್ಮೆ ನೋಡಿದರು. "ಏನ್ರಿ ಮಾಣಿಕಪ್ಪನೋರೆ, ನಮ್ಮ ಶೀಲಾ ವರ್ಷಾ ವರ್ಷ ಹಡೀಬೇಕು ಅಂತ ಹರಕಿ ಹೊತ್ತೀರೇನು?"

ಶೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮುಹೂರ್ತ ಬಂದಿತ್ತು. ಮಗುವನ್ನು ಬಿಳಿ ತೊಟ್ಟಿಲಲ್ಲಿ ಹಾಕಿ ಗುಂಡಿ ಒತ್ತಿದರು. ಅದು ಹಾಡಿತು. ಮಗು ಹೌಹಾರಿ ಚೀರಿತು. ಎರಡನೆಯದರಲ್ಲಿ ಚೀರಿತು, ಮೂರನೆಯದರಲ್ಲಿ ಚೀರಿತು. ಕಟ್ಟಿಗೆಯದು ಕುಂಟಿದ ಕೂಡಲೇ ಮಗು ಉಸಿರು ಕಟ್ಟಿ ನೀಲಿಯಾಯಿತು.

"ಸರೀರಿ ಎಲ್ಲಾರೂ," ಎಂದು ಪುತಳಾಬಾಯಿ ಎದ್ದರು. "ಜೋಳಿಗಿ ಕಟ್ರಿ. ಮೆತ್ತನ್ನ ಬಟ್ಟಿ ಬೇಕು." ಅವರ ಕಣ್ಣು ಸುತ್ತಾಡಿ ಮಾಣಿಕಪ್ಪನವರ ಸೊಂಟದ ಮೇಲೆ ನಿಂತಿತು. "ಈ ಧೋತರ ಛಲೋ ಅದ."

ಸ್ವಲ್ಪ ಹೊತ್ತಿಗೆ ಮಾಣಿಕಪ್ಪನವರು ಯಾರದೋ ಚೌಕಡಿ ಲುಂಗಿಯಲ್ಲಿದ್ದರು, ಧೋತರ ತೊಲೆಯಿಂದ ಇಳಿಬಿದ್ದಿತ್ತು. ಅದರೊಳಗೆ ಮಗು ಎರಡು ಸಲ ತೂಗುವುದರೊಳಗೆ ನಿದ್ದೆ ಹೋಯಿತು. ಹೆಸರಿಟ್ಟಿದ್ದೂ ಅದರಲ್ಲೇ. ಪುತಳಾಬಾಯಿ ಜೋಳಿಗೆಯ ಹಗ್ಗವನ್ನು ಮಾಣಿಕಪ್ಪನವರ ಕೈಗೇ ಕೊಟ್ಟರು. "ತೂಗ್ರಿ. ಸಪ್ಪಳ ಮಾಡಬ್ಯಾಡ್ರಿ, ಎದ್ದೀತು." ಎಲ್ಲರೂ ಊಟಕ್ಕೆ ಕೂತರು. ವಿದ್ಯಾವತಿಯವರೂ ಬೀಗಿತ್ತಿಯ ಪಕ್ಕದಲ್ಲೇ ಕೂತು, ಗಂಡನ ಪರಾಕ್ರಮದ ಕಥೆಯನ್ನು ಚಟ್ನಿಯ ಸಮೇತ ಹೇಳುತ್ತಿದ್ದರು. ಪುತಳಾಬಾಯಿ ಕಣ್ಣಲ್ಲಿ ನೀರು ಬರುವಂತೆ ನಗುತ್ತ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಬಾಗಿಲಲ್ಲಿ ಮತ್ತೆ ಗುಫ್ರಾನ್. ತಲೆಯ ಮೇಲೊಂದು ಡಬ್ಬಿ, ಹಿಂದೆ ಆಟೋದಲ್ಲಿ ಇನ್ನೂ ಕೆಲವು. "ಕಾಕಾ, ಎಲ್ಲಿ ಇಡ್ಲಿ?"

ಕೂಗುವಂತಿಲ್ಲ, ಹಗ್ಗ ಬಿಡುವಂತಿಲ್ಲ. ಮಾಣಿಕಪ್ಪನವರು ಖಾಲಿ ಇದ್ದ ಎಡಗೈಯನ್ನು 'ಒಯ್ಯಿ, ಒಯ್ಯಿ' ಎಂದು ಜೋರಾಗಿ ಬೀಸಿದರು. ಗುಫ್ರಾನ್ ಅದನ್ನು 'ಬಾ, ಬಾ' ಎಂದು ತಿಳಿದು, ಚಪ್ಪಲಿ ಬಿಟ್ಟು ಒಳಗೆ ಬಂದು ಡಬ್ಬಿ ಇಳಿಸಿದ. ಊಟ ಮುಗಿಸಿದ ಮಕ್ಕಳು ಕೈ ಕೂಡ ತೊಳೆಯದೆ ಅದರ ಮೇಲೆ ಬಿದ್ದರು. ಪರ್ರ್ ಎಂದು ಟೇಪು ಹರಿಯಿತು. ಮಾಣಿಕಪ್ಪನವರು ಬಾಯಿ ತೆರೆದರು. ಜೋಳಿಗೆಯಲ್ಲಿ ಮಗು ಮುಲುಗಿತು. ಅವರು ಬಾಯಿ ಮುಚ್ಚಿಕೊಂಡು ತೂಗಿದರು.